ಮದ್ರಾಸಿನಲ್ಲಿ ಸೂರ್ಯ ಹಸಿರಾದ ವಾರ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೊದಲ್ಲಿ ಗಾಳಿ ಸದ್ದು ಜಾಸ್ತಿ ಇದೆ, ಅರ್ಧ ಮಾತು ಕೇಳಿಸ್ತಿಲ್ಲ ಅಂತ ತುಂಬಾ ಜನ ಹೇಳಿದ್ರಿ. ನಿಜ. ರಾಯಪುರಂ ಪಕ್ಕದ ಕಾಸಿಮೇಡು ಮೀನು ಬಂದರಿನ ಹತ್ತಿರ ನಿಂತು ರೆಕಾರ್ಡ್ ಮಾಡಿದ್ದು. ಅಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಚೆನ್ನೈಗೆ ಕೆಲಸಕ್ಕೆ ಬಂದ ನಮ್ಮಂಥವರಿಗೆ ರಾಯಪುರಂ ಅಷ್ಟಾಗಿ ಗೊತ್ತಿರಲ್ಲ. ಆಫೀಸು ಓಎಂಆರ್‌ನಲ್ಲಿ, ಮನೆ ಶೋಲಿಂಗನಲ್ಲೂರಿನಲ್ಲಿ, ಊರಿಗೆ ಹೋಗೋ ರೈಲು ಸೆಂಟ್ರಲ್‌ನಲ್ಲಿ. ಊರಿನ ಉತ್ತರ ಭಾಗದ ಕಡೆ ತಿರುಗಿ ನೋಡೋಕೆ ಕಾರಣವೇ ಸಿಗಲ್ಲ. ನಾನೂ ಒಂಬತ್ತು ವರ್ಷ ಹೋಗಿರಲಿಲ್ಲ. ಕಳೆದ ನವೆಂಬರ್‌ನ ಒಂದು ಶನಿವಾರ ಅವ್ವನನ್ನು ಕರ್ಕೊಂಡು ಬೀಚ್ ಸ್ಟೇಷನ್‌ನಿಂದ ಲೋಕಲ್ ಹತ್ತಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದೆ. ಅದೇ ರಾಯಪುರಂ. ಹಳೇ ಸ್ಟೇಷನ್ ಕಟ್ಟಡ ತೋರಿಸಿ, ಸಮುದ್ರದ ಕಡೆ ಹೋಗಿ ಬರೋಣ ಅಂತ ಪ್ಲಾನ್.

ಮಳೆ ಹಿಡೀತು. ಚಹಾ ಅಂಗಡಿ ಸೂರಿನ ಕೆಳಗೆ ನಿಂತ್ವಿ. ಸಂಜೆ ಐದರ ಹೊತ್ತಿಗೆ ನಮ್ಮ ಬೆನ್ನ ಹಿಂದೆ, ಊರಿನ ಕಡೆ, ಮೋಡ ಹರಿದು ಬಿಸಿಲು ಬಿತ್ತು. ಎದುರಿಗೆ ಸಮುದ್ರದ ಮೇಲೆ ಇನ್ನೂ ಮಳೆ. ಅಂಗಡಿಯಮ್ಮ ಗಾಜಿನ ಲೋಟ ಹಿಡಿದ ಕೈಯಲ್ಲೇ ತೋರಿಸಿ, "ಪಾರುಂಗ ಅಮ್ಮಾ, ವಾನವಿಲ್!" ಅಂದರು. ಅವ್ವ ತಿರುಗಿ ನೋಡಿ, "ಅಯ್ಯ, ಎರಡ ಅದಾವ ನೋಡೋ!" ಅಂದಳು. ದೋಣಿಗಳ ಮೇಲೆ ಕಮಾನು ಕಟ್ಟಿದ ಹಾಗೆ ಒಂದರ ಹೊರಗೆ ಇನ್ನೊಂದು, ಜೋಡಿ ಕಾಮನಬಿಲ್ಲು.

ತಮಿಳಿನ ವಿಲ್, ಕನ್ನಡದ ಬಿಲ್ಲು ಎರಡೂ ಒಂದೇ ಮಾತು. ಬಿಸಿಲು ಮಳೆ ಒಟ್ಟಿಗೆ ಬಂದರೆ ನರಿಗೂ ಕಾಗೆಗೂ ಮದುವೆ ಅನ್ನೋ ನಂಬಿಕೆಯೂ ಎರಡು ಕಡೆ ಇದೆ. ಆದರೆ ಒಂದು ವ್ಯತ್ಯಾಸ ನೋಡಿ. ಕಾಮನಬಿಲ್ಲು ಯಾವಾಗಲೂ ಸೂರ್ಯನ ಎದುರು ದಿಕ್ಕಿನಲ್ಲೇ ಮೂಡೋದು. ಹಾಗಾಗಿ ಕಾರವಾರ, ಮಂಗಳೂರಿನಲ್ಲಿ ಸಮುದ್ರದ ಮೇಲೆ ಅದನ್ನ ನೋಡಬೇಕಾದರೆ ಬೆಳಗ್ಗೆ ಹೋಗಬೇಕು. ರಾಯಪುರಂನಲ್ಲಿ ಸಂಜೆಯೇ ಹೋಗಬೇಕು. ಮಧ್ಯಾಹ್ನ ಎರಡು ಕಡೆಯೂ ಸಿಗಲ್ಲ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಿಲ್ಲು ದಿಗಂತದ ಕೆಳಗೆ ಹೋಗಿಬಿಡುತ್ತೆ. ಜೋಡಿ ಬಿಲ್ಲಿನಲ್ಲಿ ಹೊರಗಿನದ್ದರ ಬಣ್ಣಗಳ ಸಾಲು ತಿರುಗುಮುರುಗು. ಒಳಗಿನದ್ದಕ್ಕೆ ಕೆಂಪು ಹೊರ ಅಂಚಿನಲ್ಲಿದ್ದರೆ, ಹೊರಗಿನದ್ದಕ್ಕೆ ಒಳ ಅಂಚಿನಲ್ಲಿ. ಅವ್ವನಿಗೆ ಅದನ್ನು ತೋರಿಸಿದೆ. ಅವಳು ತುಂಬಾ ಹೊತ್ತು ನೋಡಿ, "ಸೂರ್ಯಂದು ಒಂದ ನೋಡ್ಲಿಲ್ಲ ನಾ" ಅಂದಳು. ಯಾಕೆ ಹಾಗಂದಳು ಅನ್ನೋದಕ್ಕೆ ಕೊನೆಗೆ ಬರ್ತೀನಿ. ಅದಕ್ಕೆ ಮೊದಲು ಇದೇ ದಡದ ಇನ್ನೊಂದು ಕಥೆ.

1883ರ ರಾಯಪುರಂ

ಬಣ್ಣ, ಮದ್ರಾಸು ಅಂದ ಕೂಡಲೇ ಸಿ. ವಿ. ರಾಮನ್ ನೆನಪಾಗ್ತಾರೆ. ಇದು ಅವರು ಹುಟ್ಟೋಕೆ ಐದು ವರ್ಷ ಮೊದಲಿನ ಮಾತು.

ಆಗ ರಾಯಪುರಂ ಊರಿನ ಮೂಲೆ ಆಗಿರಲಿಲ್ಲ, ಹೆಬ್ಬಾಗಿಲಾಗಿತ್ತು. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರ ಜುಲೈ 1ರಂದು ಹೊರಟಿದ್ದು ಇಲ್ಲಿಂದ, ಆರ್ಕಾಟ್ ಕಡೆಗೆ. 1864ರಲ್ಲಿ ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ ಹಳಿ ಬಂದಾಗ, ಬೆಂಗಳೂರಿಗೆ ಸಿಕ್ಕ ಮೊದಲ ರೈಲು ಸಂಪರ್ಕ ಈ ಮದ್ರಾಸ್ ಮಾರ್ಗದ್ದೇ. ಸೆಂಟ್ರಲ್ ಸ್ಟೇಷನ್ ಕಟ್ಟಿದ್ದು ಆಮೇಲೆ, 1873ರಲ್ಲಿ. ಅಂದರೆ ವೀಕೆಂಡಿಗೆ ಮದ್ರಾಸು–ಬೆಂಗಳೂರು ಓಡಾಡೋ ನಮ್ಮೆಲ್ಲರ ಪರಂಪರೆಯ ಮೊದಲ ಪ್ಲಾಟ್‌ಫಾರ್ಮ್ ರಾಯಪುರಂ.

ಪಕ್ಕದಲ್ಲೇ ಬಂದರಿನ ಕೆಲಸ ನಡೀತಿತ್ತು. ಹೆಚ್ಚು ಕಡಿಮೆ ಮುಗಿದಿದ್ದ ಗೋಡೆಗಳನ್ನು 1881ರ ನವೆಂಬರ್‌ನ ಚಂಡಮಾರುತ ಒಡೆದು ಹಾಕಿತ್ತು. ಕಡಲ ಜನರ ಬದುಕೆಲ್ಲ ಆಕಾಶ ನೋಡಿ ನಡೆಯೋದು. ಅದಕ್ಕೂ ಮೊದಲು, 1876ರಿಂದ 78ರವರೆಗೆ, ಮದ್ರಾಸು ಮತ್ತು ಮೈಸೂರು ಎರಡೂ ಸೀಮೆಗಳನ್ನು ಭೀಕರ ಬರ ಹಿಂಡಿತ್ತು. ಮಳೆ, ಮೋಡ, ಗಾಳಿ ಅಂದರೆ ಆಗಿನ ಜನಕ್ಕೆ ನಮ್ಮ ಹಾಗೆ ಫೋನಿನ ಮೂಲೆಯಲ್ಲಿ ಕಾಣೋ ಚಿತ್ರ ಅಲ್ಲ.

ಇಂಥ ಊರಿನಲ್ಲಿ 1883ರ ಸೆಪ್ಟೆಂಬರ್ 9ರ ಸುಮಾರಿಗೆ ಸೂರ್ಯನ ಬಣ್ಣ ಬದಲಾಯಿತು. ದಿಗಂತದ ಹತ್ತಿರ ಇರುವಾಗ ಕೆಂಪಾಗಬೇಕಾದ ಸೂರ್ಯ ಹಸಿರಾಗಿ ಕಂಡ. ಕೆಲವು ಹೊತ್ತು ನೀಲಿ. ಬಿಸಿಲಿನ ತೀಕ್ಷ್ಣತೆ ಎಷ್ಟು ತಗ್ಗಿತ್ತು ಅಂದರೆ ಬರಿಗಣ್ಣಲ್ಲಿ ನೋಡುವಷ್ಟು. ಇದು ಮದ್ರಾಸಿನಲ್ಲಿ ಮಾತ್ರ ಅಲ್ಲ. ಉತ್ತರಕ್ಕೆ ಒಂಗೋಲಿನಲ್ಲಿ, ದಕ್ಷಿಣಕ್ಕೆ ಸಿಲೋನಿನಲ್ಲಿ ಕೂಡ ಹಾಗೇ. ಒಂದು ದಿನ ಕಂಡು ಹೋಗಲಿಲ್ಲ. ಹಲವಾರು ದಿನ ಇತ್ತು.

ಒಮ್ಮೆ ಯೋಚನೆ ಮಾಡಿ. ಬೆಳಗಿನ ಜಾವ ಬಲೆ ಎಳೆಯುತ್ತಿರುವವರಿಗೆ ಸಮುದ್ರದಿಂದ ಹಸಿರು ಸೂರ್ಯ ಏಳೋದು. ರೇಡಿಯೋ ಇಲ್ಲ. ಕೇಳೋಕೆ ಯಾರೂ ಇಲ್ಲ.

ಬಣ್ಣದ ತವರು

ಕಾರಣ ಇದ್ದಿದ್ದು ಸುಮಾರು 3,500 ಕಿ.ಮೀ. ದೂರದಲ್ಲಿ, ಇದೇ ಸಮುದ್ರದ ಆಚೆ ತುದಿಯಲ್ಲಿ. ಜಾವಾ ಮತ್ತು ಸುಮಾತ್ರಾ ನಡುವಿನ ಸುಂಡಾ ಜಲಸಂಧಿಯಲ್ಲಿ ಕ್ರಕಟೋವ ಅನ್ನೋ ಪುಟ್ಟ ದ್ವೀಪ. ದಟ್ಟ ಹಸಿರು ಕಾಡು, ಸುತ್ತ ನೀಲಿ ನೀರು, ಕ್ಯಾಲೆಂಡರ್ ಚಿತ್ರದ ಥರದ ಉಷ್ಣವಲಯದ ದ್ವೀಪ. ಅದೇ ಜ್ವಾಲಾಮುಖಿ ಕೂಡ. 1883ರ ಆಗಸ್ಟ್ 26ರಂದು ದೊಡ್ಡದಾಗಿ ಸಿಡಿಯಲು ಶುರುವಾಗಿ, 27ರ ಬೆಳಗ್ಗೆ ಹತ್ತರ ಸುಮಾರಿಗೆ ಅತಿ ದೊಡ್ಡ ಸ್ಫೋಟ ಆಯ್ತು. ದ್ವೀಪದ ಬಹುಭಾಗ ಕುಸಿದು ಸಮುದ್ರ ಸೇರಿತು. ಅದರ ಸದ್ದು ಮಾರಿಷಸ್ ಹತ್ತಿರದ ರಾಡ್ರಿಗಸ್ ದ್ವೀಪದವರೆಗೆ, ಅಂದರೆ 4,800 ಕಿ.ಮೀ. ದೂರಕ್ಕೆ ಕೇಳಿಸಿತು. ಎಲ್ಲೋ ದೂರದಲ್ಲಿ ಫಿರಂಗಿ ಹಾರಿಸ್ತಿದ್ದಾರೆ ಅಂದುಕೊಂಡರು ಅಲ್ಲಿನವರು. ಸ್ಫೋಟ ಎಬ್ಬಿಸಿದ ಅಲೆಗಳು ಜಾವಾ, ಸುಮಾತ್ರಾ ದಡಗಳನ್ನು ನುಂಗಿದವು. ಸರ್ಕಾರಿ ಲೆಕ್ಕದಲ್ಲೇ 36,000ಕ್ಕೂ ಹೆಚ್ಚು ಜನ ಸತ್ತರು.

ಬಣ್ಣದ ಬಗ್ಗೆ ಮಾತಾಡುವಾಗ ಈ ಸಂಖ್ಯೆ ಮರೀಬಾರದು. ಆಮೇಲೆ ಲೋಕವೆಲ್ಲ ನಿಂತು ನೋಡಿದ ಸೊಗಸು ಅಷ್ಟು ಜನರ ಸಾವಿನ ಜೊತೆ ಒಂದೇ ಬಾಯಿಂದ ಹೊರಟಿದ್ದು.

ಅಲೆ ಮದ್ರಾಸಿಗೂ ಬಂತು, ತುಂಬಾ ಸಣ್ಣದಾಗಿ. ಸರ್ವೆ ಇಲಾಖೆ ನಮ್ಮ ಬಂದರುಗಳಲ್ಲಿ ಭರತ–ಇಳಿತ ಅಳೆಯುವ ಯಂತ್ರ ಇಟ್ಟಿತ್ತು. ನಾಗಪಟ್ಟಣಂ, ಮದ್ರಾಸು, ಪೋರ್ಟ್ ಬ್ಲೇರ್‌ನ ಯಂತ್ರಗಳ ಕಾಗದದ ಮೇಲೆ ಆ ನಡುಕ ಗೆರೆಯಾಗಿ ಮೂಡಿತು. ಮೇಜರ್ ಬೇರ್ಡ್ ಅನ್ನೋ ಅಧಿಕಾರಿ ಆ ಗೆರೆಗಳನ್ನೆಲ್ಲ ಸೇರಿಸಿ ವರದಿ ಬರೆದ. ಅಂದರೆ ಸೂರ್ಯ ಹಸಿರಾಗುವ ಎರಡು ವಾರ ಮೊದಲೇ ಕ್ರಕಟೋವ ಮದ್ರಾಸಿನ ನೀರನ್ನು ಮುಟ್ಟಿ ಹೋಗಿತ್ತು. 2004ರ ಡಿಸೆಂಬರ್ 26ರಂದು ಸುಮಾತ್ರಾ ಕಡೆಯಿಂದ ಬಂದ ಅಲೆ ಇದೇ ದಡಕ್ಕೆ ಏನು ಮಾಡಿತು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಈ ಎರಡು ದಡಗಳು ನಾವು ಅಂದುಕೊಂಡಷ್ಟು ದೂರ ಇಲ್ಲ.

ಪಕ್ಕದ ಮನೆ ಹೊಗೆ, ಊರೆಲ್ಲ ಸುತ್ತಿ

ಈಗ ಒಂದು ಪ್ರಶ್ನೆ. ಕ್ರಕಟೋವ ಅಷ್ಟು ಹತ್ತಿರ ಇದ್ದರೆ ಬಣ್ಣ ಬರೋಕೆ ಹದಿಮೂರು ದಿನ ಯಾಕೆ ಬೇಕಾಯ್ತು?

ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. ಆಗಸ್ಟ್ 27ರಂದು ಸ್ಫೋಟ. ಸೆಪ್ಟೆಂಬರ್ 2ರಂದು ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪದಲ್ಲಿ ಸೂರ್ಯ ನೀಲಿ. 5ರಂದು ಪೆಸಿಫಿಕ್ ನಡುವಿನ ಹವಾಯಿ ದ್ವೀಪಗಳ ಹೊನೊಲುಲುನಲ್ಲಿ ಆಕಾಶಕ್ಕೆ ವಿಚಿತ್ರ ಬಣ್ಣ. 9ರ ಸುಮಾರಿಗೆ ಸಿಲೋನು ಮತ್ತು ಮದ್ರಾಸು. ಭೂಪಟದ ಮೇಲೆ ಬೆರಳಿಟ್ಟರೆ ಗೊತ್ತಾಗುತ್ತೆ, ಅದು ಪಶ್ಚಿಮಕ್ಕೆ ಹೋಗ್ತಾ ಇದೆ. ಹಿಂದೂ ಮಹಾಸಾಗರ, ಆಫ್ರಿಕಾ, ಅಟ್ಲಾಂಟಿಕ್, ಅಮೆರಿಕ, ಪೆಸಿಫಿಕ್ ದಾಟಿ ಪೂರ್ತಿ ಒಂದು ಸುತ್ತು ಹಾಕಿತು. ಹೋಗ್ತಾ ಹೋಗ್ತಾ ಸಮಭಾಜಕದ ಎರಡೂ ಕಡೆ ಹರಡಿಕೊಂಡು, ಎರಡನೇ ಸುತ್ತಿನ ಹೊತ್ತಿಗೆ ನಮ್ಮ ಅಕ್ಷಾಂಶವನ್ನೂ ಮುಟ್ಟಿತು. ಪಕ್ಕದ ಮನೆಯ ಹೊಗೆ ಊರೆಲ್ಲ ಸುತ್ತಿ ನಮ್ಮ ಮನೆಗೆ ಬಂದ ಹಾಗೆ. 40,000 ಕಿ.ಮೀ.ಗಳ ಸುತ್ತು ಹದಿಮೂರು ದಿನದಲ್ಲಿ ಅಂದರೆ ದಿನಕ್ಕೆ 3,000 ಕಿ.ಮೀ., ಗಂಟೆಗೆ 120ಕ್ಕಿಂತ ಜಾಸ್ತಿ ವೇಗ.

ಅಷ್ಟು ಎತ್ತರದಲ್ಲಿ ಅಂಥ ಗಾಳಿ ಇದೆ ಅಂತ ಅವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ವಿಮಾನ ಇಲ್ಲ, ಉಪಗ್ರಹ ಇಲ್ಲ. ಇದನ್ನು ಬೇಗ ಗ್ರಹಿಸಿದವರಲ್ಲಿ ಹೊನೊಲುಲುನ ಪಾದ್ರಿ ಸೆರೆನೋ ಬಿಷಪ್ ಒಬ್ಬ. ಸೂರ್ಯನ ಸುತ್ತ ನೀಲಿ ಬಿಳುಪಿನ ತಟ್ಟೆ, ಅದರ ಅಂಚಿಗೆ ಕಂದುಗೆಂಪು ಬಳೆ ಇದ್ದದ್ದನ್ನು ಆತ ನೋಡಿ ಬರೆದಿಟ್ಟ. ಇವತ್ತಿಗೂ ಅದಕ್ಕೆ ಬಿಷಪ್‌ನ ಉಂಗುರ ಅಂತಲೇ ಹೆಸರು. ಬೇರೆ ಬೇರೆ ಊರುಗಳ ದಿನಾಂಕಗಳನ್ನು ಸೇರಿಸಿ, ಸಮಭಾಜಕದ ಮೇಲೆ ಹೊಗೆಯ ಹೊಳೆಯೊಂದು ಹರೀತಿದೆ ಅಂದ. ಆ ಎತ್ತರದ ಗಾಳಿ ಕೆಲವು ಕಾಲ ಪಶ್ಚಿಮಕ್ಕೂ ಕೆಲವು ಕಾಲ ಪೂರ್ವಕ್ಕೂ ತಿರುಗುತ್ತೆ, ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಲಯದಲ್ಲಿ, ಅಂತ ವಿಜ್ಞಾನಿಗಳಿಗೆ ಸ್ಪಷ್ಟ ಆಗಿದ್ದು 1960ರ ಸುಮಾರಿಗೆ. 1991ರಲ್ಲಿ ಫಿಲಿಪೀನ್ಸ್‌ನ ಪಿನಟೂಬೊ ಸಿಡಿದಾಗ ಅದರ ಮೋಡ ಮೂರು ವಾರದಲ್ಲಿ ಭೂಮಿ ಸುತ್ತಿದ್ದನ್ನು ಉಪಗ್ರಹಗಳು ನೇರವಾಗಿ ನೋಡಿದವು. 1883ರಲ್ಲಿ ಉಪಗ್ರಹದ ಕೆಲಸ ಮಾಡಿದ್ದು ಊರೂರಿನ ಡೈರಿಗಳು.

ಹಸಿರು ಯಾಕೆ?

ಕಾಮನಬಿಲ್ಲಿಗೆ ಬೇಕಾದ್ದು ಮಳೆಹನಿ. ಬೆಳಕು ಹನಿಯೊಳಗೆ ಹೊಕ್ಕು, ಬಾಗಿ, ಹಿಂಭಾಗಕ್ಕೆ ತಾಗಿ, ಮತ್ತೆ ಬಾಗಿ ಹೊರಗೆ ಬರುವಾಗ ಬಣ್ಣ ಬಣ್ಣವಾಗಿ ಬಿಚ್ಚಿಕೊಳ್ಳುತ್ತೆ. ಹಸಿರು ಸೂರ್ಯನ ಕಥೆ ಬೇರೆ. ಅಲ್ಲಿ ಹನಿ ಅಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು.

ದಿನಾ ಸಂಜೆ ಸೂರ್ಯ ಕೆಂಪಾಗೋದು ಯಾಕೆ? ಗಾಳಿಯ ಅಣುಗಳು ಬೆಳಕಿನ ತರಂಗಕ್ಕಿಂತ ತುಂಬಾ ಸಣ್ಣವು. ಅವು ನೀಲಿಯನ್ನು ಹೆಚ್ಚು ಚೆದುರಿಸುತ್ತವೆ, ಕೆಂಪನ್ನು ಕಡಿಮೆ. ಬೆಳಕು ದೂರದ ದಾರಿ ಸಾಗಿ ಬರುವಾಗ ನೀಲಿ ದಾರಿಯಲ್ಲೇ ಸೋರಿಹೋಗಿ ಕೆಂಪು ಉಳಿಯುತ್ತೆ. ಆದರೆ ಕಣಗಳು ಹೆಚ್ಚು ಕಡಿಮೆ ಒಂದೇ ಗಾತ್ರದವಾಗಿದ್ದು, ಆ ಗಾತ್ರ ಬೆಳಕಿನ ತರಂಗದ ಆಸುಪಾಸಿನಲ್ಲಿದ್ದರೆ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದ ಸುಮಾರಿಗೆ, ಲೆಕ್ಕ ಉಲ್ಟಾ ಆಗಬಹುದು. ಕೆಂಪು ಹೆಚ್ಚು ಚೆದುರಿ, ಹಸಿರು ನೀಲಿ ನೇರವಾಗಿ ದಾಟಿ ಬರುತ್ತೆ. ಜರಡಿ ಬದಲಾದರೆ ಮೇಲೆ ಉಳಿಯೋದೂ ಬದಲಾಗುತ್ತಲ್ಲ, ಹಾಗೆ. ಇದಕ್ಕೆ ಪೂರ್ತಿ ಗಣಿತ ಕೊಟ್ಟಿದ್ದು 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ. 1950ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಅಟ್ಲಾಂಟಿಕ್ ದಾಟಿದಾಗ ಸ್ಕಾಟ್ಲೆಂಡಿನಲ್ಲೂ ಸೂರ್ಯ ನೀಲಿಯಾಗಿತ್ತು. ಅಂದರೆ ಜ್ವಾಲಾಮುಖಿಯೇ ಬೇಕು ಅಂತಿಲ್ಲ, ಸರಿಯಾದ ಗಾತ್ರದ ಕಣ ಇರಬೇಕು. ಗಾತ್ರಗಳು ಬೆರೆತರೆ ಈ ಆಟ ಮುಗೀತು. ಅದಕ್ಕೇ ಹಸಿರು ಸೂರ್ಯ ಅಪರೂಪ, ಕೆಂಪು ಸಂಜೆ ಸಾಮಾನ್ಯ.

ಕ್ರಕಟೋವದ ಮೋಡ ದೂರ ದೂರಕ್ಕೆ ಹರಡಿದಂತೆ ಕೆಂಪು ಸಂಜೆಗಳೇ ಜಾಸ್ತಿಯಾದವು. ನವೆಂಬರ್ ಕೊನೆಗೆ ಅಮೆರಿಕದ ಕೆಲವು ಊರುಗಳಲ್ಲಿ ದಿಗಂತಕ್ಕೆ ಬೆಂಕಿ ಬಿದ್ದಿದೆ ಅಂತ ಅಗ್ನಿಶಾಮಕ ಗಾಡಿ ಹೊರಡಿಸಿದರು. ಲಂಡನ್ನಿನ ಚೆಲ್ಸೀಯಲ್ಲಿ ವಿಲಿಯಂ ಆಸ್‌ಕ್ರಾಫ್ಟ್ ಅನ್ನೋ ಚಿತ್ರಕಾರ ಥೇಮ್ಸ್ ದಡದಲ್ಲಿ ಕೂತು ಸಂಜೆಯ ಆಕಾಶವನ್ನು ನೂರಾರು ಚಿತ್ರಗಳಲ್ಲಿ ಹಿಡಿದ.

ಮದ್ರಾಸಿನಲ್ಲಿ ಏನಾಯ್ತು? ಇಲ್ಲಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳ್ತಿದ್ದ ಚಾರ್ಲ್ಸ್ ಮಿಚೀ ಸ್ಮಿತ್ ಹಸಿರು ಸೂರ್ಯನಿಗೆ ಸ್ಪೆಕ್ಟ್ರೋಸ್ಕೋಪ್ ಹಿಡಿದ. ನೀರಾವಿಯ ಗುರುತುಗಳು ಗಾಢವಾಗಿ ಕಂಡವು. ನೀರಾವಿಯೇ ಮುಖ್ಯ ಕಾರಣ ಇರಬೇಕು ಅನ್ನೋ ಕಡೆಗೆ ವಾಲಿದ. ನಮ್ಮ ಆಫೀಸ್ ಭಾಷೇಲಿ ಹೇಳೋದಾದರೆ ಅವನ ರೂಟ್ ಕಾಸ್ ತಪ್ಪು, ಲಾಗ್ ಮಾತ್ರ ಸರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಬಣ್ಣ ಅಂತ ಬರೆದಿದ್ದ. ಬೇರೆಯವರ ಲಾಗ್‌ಗಳ ಪಕ್ಕ ಇಟ್ಟಾಗ ಅದೇ ಪ್ರಯೋಜನಕ್ಕೆ ಬಂತು. ಲಂಡನ್ನಿನ ರಾಯಲ್ ಸೊಸೈಟಿ ಸಮಿತಿ ಕೂರಿಸಿ ಜಗತ್ತಿನ ಮೂಲೆಮೂಲೆಯಿಂದ ಇಂಥ ಟಿಪ್ಪಣಿ ಸೇರಿಸಿತು. 1888ರಲ್ಲಿ ಐನೂರು ಪುಟದ ಹತ್ತಿರದ ವರದಿ ಹೊರಬಂತು. ರಾಮನ್ ಹುಟ್ಟಿದ ವರ್ಷವೇ. ಮಿಚೀ ಸ್ಮಿತ್ ಮುಂದೆ ಮದ್ರಾಸಿನ ಸರ್ಕಾರಿ ಖಗೋಳಜ್ಞನಾಗಿ, ಕೊಡೈಕೆನಾಲ್ ವೀಕ್ಷಣಾಲಯ ಕಟ್ಟಿ, ಸೂರ್ಯನ ಅಧ್ಯಯನದಲ್ಲೇ ಉಳಿದ ಕೆಲಸದ ವರ್ಷಗಳನ್ನು ಕಳೆದ.

ದಾಖಲೆಯಲ್ಲಿ ಯಾರಿಲ್ಲ?

ಈ ವರದಿಗೆ ಟಿಪ್ಪಣಿ ಕೊಟ್ಟವರು ಹೆಚ್ಚಾಗಿ ಹಡಗಿನ ಕಪ್ತಾನರು, ಪಾದ್ರಿಗಳು, ಅಧಿಕಾರಿಗಳು, ಪ್ರೊಫೆಸರುಗಳು. ಆದರೆ ಮದ್ರಾಸಿನ ಪೂರ್ವ ದಿಗಂತವನ್ನು ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ನೋಡುತ್ತಿದ್ದವರು ಅವರ್‍ಯಾರೂ ಅಲ್ಲ. ರಾಯಪುರಂನ ದೋಣಿಯವರು. ಅವರು ಖಂಡಿತ ನೋಡಿರಬೇಕು. ಮನೆಗೆ ಬಂದು ಹೇಳಿರಬೇಕು. ಆ ಮಾತು ಗಾಳಿಗೆ ಹೋಯ್ತು.

ಜನರ ಭಾಷೆಯಲ್ಲಿ ಆಕಾಶದ ಬಗ್ಗೆ ಹೇಳಬೇಕು ಅಂತ ಅಂದುಕೊಂಡಿದ್ದವರು ಮದ್ರಾಸಿನಲ್ಲಿ ಇರಲಿಲ್ಲ ಅಂತಲ್ಲ. ನುಂಗಂಬಾಕ್ಕಂನ ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರಿ ಮೊದಲ ಸಹಾಯಕರಾಗಿದ್ದರು. 1867ರಲ್ಲಿ ಬೆಳಕು ಏರಿಳಿಯುವ ನಕ್ಷತ್ರವೊಂದನ್ನು ಕಂಡುಹಿಡಿದವರು. 1874ರ ಡಿಸೆಂಬರ್ 9ರಂದು ಸೂರ್ಯನ ಮುಂದೆ ಶುಕ್ರ ಹಾದುಹೋಗುವುದಿತ್ತು. ಜನ ಅದನ್ನು ತಿಳಿದುಕೊಂಡು ನೋಡಲಿ ಅಂತ ಚಿತ್ರಗಳ ಸಮೇತ ಪುಸ್ತಿಕೆ ಬರೆದರು. ಇಂಗ್ಲಿಷಿನಲ್ಲಷ್ಟೇ ಅಲ್ಲ, ನಮ್ಮ ಭಾಷೆಗಳಲ್ಲೂ. ಅದರಲ್ಲಿ ಕನ್ನಡವೂ ಒಂದು! ಬೆಂಗಳೂರಿನ ಖಗೋಳ ಲೇಖಕಿ ಬಿ. ಎಸ್. ಶೈಲಜಾ ಅವರು ಅದನ್ನು ನಮ್ಮ ಗಮನಕ್ಕೆ ತಂದವರು. ನೂರೈವತ್ತು ವರ್ಷದ ಹಿಂದೆ ಮದ್ರಾಸಿನಲ್ಲಿ ಕೂತು ಕನ್ನಡದಲ್ಲಿ ಖಗೋಳ ವಿಜ್ಞಾನ! ಇದು ಗೊತ್ತಾದ ದಿನ ನನಗೆ ಈ ಊರಿನ ಮೇಲೆ ಇದ್ದ ಬಾಡಿಗೆ ಮನೆ ಭಾವನೆ ಸ್ವಲ್ಪ ಕಮ್ಮಿ ಆಯ್ತು.

ಆದರೆ ರಘುನಾಥಾಚಾರಿ 1880ರ ಫೆಬ್ರವರಿಯಲ್ಲಿ ತೀರಿಕೊಂಡರು. ಸೂರ್ಯ ಹಸಿರಾಗುವಾಗ ಅವರಿರಲಿಲ್ಲ. ಇದ್ದಿದ್ದರೆ ಅದರ ಬಗ್ಗೆಯೂ ಒಂದು ಪುಸ್ತಿಕೆ ಬರೀತಿದ್ದರೇನೋ ಅಂತ ನನಗೆ ಅನಿಸುತ್ತೆ. ಇದು ಆಸೆ ಅಷ್ಟೇ, ಇತಿಹಾಸ ಅಲ್ಲ.

ಅವ್ವ ನೋಡದ ಸೂರ್ಯ

ಈಗ ಅವ್ವನ ಮಾತಿಗೆ ಬರ್ತೀನಿ. ರಘುನಾಥಾಚಾರಿ ತೀರಿಕೊಂಡು ನೂರು ವರ್ಷಕ್ಕೆ, 1980ರ ಫೆಬ್ರವರಿ 16ರ ಮಧ್ಯಾಹ್ನ ಕರ್ನಾಟಕದ ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಯ್ತು. ಅಂಕೋಲಾ ಕಡೆಯಿಂದ ಬಂದು ಹುಬ್ಬಳ್ಳಿ, ರಾಯಚೂರು ಸೀಮೆ ದಾಟಿತು. ದೇಶವಿದೇಶದ ವಿಜ್ಞಾನಿಗಳು ದೂರದರ್ಶಕ ಹೊತ್ತು ನಮ್ಮ ಕಡೆ ಬಂದು ಕ್ಯಾಂಪ್ ಹಾಕಿದ್ದರು. ಊರುಗಳ ರಸ್ತೆ ಮಾತ್ರ ಕರ್ಫ್ಯೂ ಇದ್ದ ಹಾಗೆ ಖಾಲಿ.

ಅವ್ವ ಹುಬ್ಬಳ್ಳಿಯವಳು. ಆಗ ನಾನು ಅವಳ ಹೊಟ್ಟೆಯಲ್ಲಿದ್ದೆ. ಆ ಸಂಜೆ ಚಹಾ ಅಂಗಡಿಯಲ್ಲಿ ಕೂತು ಮೊದಲ ಸಲ ಪೂರ್ತಿ ಹೇಳಿದಳು: "ಬಸುರಿ ನೋಡಬಾರ್ದು ಅಂತ ಒಳಗಿನ ಖೋಲಿನ್ಯಾಗ ಕೂಡ್ಸಿದ್ರು. ಬಾಗಲಾ, ಕಿಡಕಿ ಎಲ್ಲಾ ಹಾಕಿದ್ರು. ಸಂದಿಗೆ ಅರಬಿ ತುರುಕಿದ್ರು. ಹೊರಗ ಹಕ್ಕಿ ಒಮ್ಮೆಲೆ ಗದ್ದಲಾ ಮಾಡಿ ಸುಮ್ನಾದ್ವು. ಅಷ್ಟ ನನಗ ಗೊತ್ತು. ಮನೀ ಮ್ಯಾಲೆನ ಹಾದು ಹೋತಂತ. ನಾ ನೋಡ್ಲಿಲ್ಲಪಾ."

ಗ್ರಹಣ ಬರಿಗಣ್ಣಲ್ಲಿ ನೋಡಬಾರದು ಅನ್ನೋದು ಸರಿ. ಕಣ್ಣಿಗೆ ಅಪಾಯ. ಆದರೆ ಅವಳನ್ನು ಕೂಡಿಹಾಕಿದ್ದು ಕಣ್ಣಿನ ಕಾಳಜಿಗೆ ಅಲ್ಲ, ಭಯಕ್ಕೆ. 1874ರಲ್ಲಿ ಕನ್ನಡದಲ್ಲಿ ಅಚ್ಚಾದ ಆ ಪುಸ್ತಿಕೆಯ ಥರದ್ದು ನಮ್ಮ ಮನೆ ತನಕ ಬಂದಿದ್ದರೆ? ಯಾರಾದರೂ ಅವಳಿಗೆ ಗೋಡೆಯ ಮೇಲೆ ಸೂಜಿರಂಧ್ರದ ಬಿಂಬ ತೋರಿಸಿದ್ದರೆ? ನಲವತ್ತೈದು ವರ್ಷ ಆದಮೇಲೂ, ಕಾಮನಬಿಲ್ಲು ನೋಡುವಾಗಲೂ, ಅವಳಿಗೆ ನೆನಪಾಗಿದ್ದು ನೋಡದೇ ಹೋದದ್ದು.

ನಾವು ಊರು ಬಿಟ್ಟು ಬಂದವರು. ಸಿಂಗಪುರ, ಹೂಸ್ಟನ್, ಮೆಲ್ಬರ್ನ್, ಚೆನ್ನೈ ಅಂತ ಚದುರಿದ್ದೀವಿ. ಒಂದು ಕಾಲಕ್ಕೆ ಹೊನೊಲುಲು, ಟ್ರಿನಿಡಾಡ್, ಒಂಗೋಲಿನಲ್ಲಿ ಕೂತು ಆಕಾಶದ ಬಣ್ಣ ಬರೆದಿಟ್ಟವರಲ್ಲೂ ಬಹಳಷ್ಟು ಜನ ತಮ್ಮ ಊರು ಬಿಟ್ಟು ಬಂದವರೇ. ಅವರು ವಿಜ್ಞಾನಿಗಳೇ ಆಗಿರಬೇಕಿರಲಿಲ್ಲ. ದಿನಾಂಕ, ಹೊತ್ತು, ದಿಕ್ಕು, ಬಣ್ಣ ಬರೆದರು, ಅಷ್ಟೇ. ಫೋಟೋ ತೆಗೆದು ಸ್ಟೇಟಸ್ ಹಾಕಿದರೆ 24 ಗಂಟೆಗೆ ಹೋಗಿಬಿಡುತ್ತೆ. ನಮ್ಮ ಭಾಷೆಯಲ್ಲಿ ಎರಡು ಸಾಲು ಬರೆದಿಡಿ. ಮನೆಯಲ್ಲಿ ಹಿರಿಯರಿದ್ದರೆ 1980ರ ಆ ಮಧ್ಯಾಹ್ನ ಎಲ್ಲಿದ್ದರು, ಏನು ಕಂಡರು ಅಂತ ಕೇಳಿ ಅದನ್ನೂ ಬರೆದಿಡಿ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವ್ವ ಹಾಲಿನ ಲೆಕ್ಕ ಬರೆದಿಡ್ತಾಳೆ. ತಿಂಗಳ ಕೊನೆಗೆ ದುಡ್ಡು ಕೊಡೋಕೆ ಅಂತ ನೋಡಿದೆ. ಆ ಶನಿವಾರದ ಚೌಕದಲ್ಲಿ "ಅರ್ಧ ಲೀಟರ್" ಅನ್ನೋದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು ಇತ್ತು: "ರಾಯಪುರಂ. ಸಂಜಿ 5. ಸಮುದ್ರದ ಮ್ಯಾಲೆ. ಎರಡು. ಹೊರಗಿಂದು ಉಲ್ಟಾ."

ಮುಂದಿನ ವಾರ ಸಿಗೋಣ.